ಒಳಗೆ ಬಿಟ್ಟ ಬಟ್ಟೆ

ಸೊಂಟ ಎಷ್ಟು ಅಂದರೆ ಎಲ್ಲರೂ ಎರಡಿಂಚು ಕಡಿಮೆ ಹೇಳುತ್ತಾರೆ.
ನಾನು ಟೇಪು ಸುತ್ತಿ, ಕಂಡದ್ದನ್ನು ಬಾಯಲ್ಲಿ ಆಡದೆ
ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.
ಇಪ್ಪತ್ತೆರಡು ವರ್ಷದ ಕಸುಬು ಇಷ್ಟೇ:
ಹೇಳುವ ಅಳತೆಗೂ ಇರುವ ಅಳತೆಗೂ ನಡುವೆ
ಒಳಗಡೆ ಒಂದಿಷ್ಟು ಬಟ್ಟೆ ಬಿಡುವುದು.

ನಮ್ಮ ಓನರ್ ಬೈಲಪ್ಪನವರು
ಕಟ್ಟಡದ ಅಳತೆಯನ್ನು ತಾವೇ ಬರೆದುಕೊಟ್ಟಿದ್ದರು ಪಾಲಿಕೆಗೆ.
ನೆಲ, ಮೇಲೊಂದು ಮಹಡಿ, ಸ್ವಂತ ವಾಸ, ಅಂತ.
ಆಮೇಲೆ ಎರಡನೆಯದು ಎದ್ದಿತು, ಮೂರನೆಯದೂ.
ಕೆಳಗೆ ನಾನು, ಪಕ್ಕಕ್ಕೆ ರೀಚಾರ್ಜಿನ ಅಂಗಡಿ,
ಅದರಾಚೆ ಮೊಟ್ಟೆ ಮಂಡಿ.
ಕಾಗದದಲ್ಲಿ ಮಾತ್ರ ಕಾಮಾಕ್ಷಿಪಾಳ್ಯದ ಆ ಕಟ್ಟಡ
ಹದಿನೆಂಟರ ಹುಡುಗಿಯ ಹಾಗೆ ಸಣ್ಣಗೇ ಉಳಿಯಿತು.
ಆ ಸಣ್ಣದಕ್ಕೂ ಆರು ವರ್ಷದಿಂದ ಕಟ್ಟಿರಲಿಲ್ಲ.

ಮೊದಲು ಮೆಸೇಜು ಬಂತಂತೆ. ಆಮೇಲೆ ನೋಟಿಸು.
ಅವರ ಹೆಂಡತಿ ಅದನ್ನು ನಾಲ್ಕಾಗಿ ಮಡಿಸಿ
ನೀರಿನ ಮೋಟಾರಿನ ಅಡಿಗಿಟ್ಟರು, ಅದುರದ ಹಾಗೆ.
ರಿಯಾಯಿತಿಯ ಏಪ್ರಿಲ್ ಬಂದು ಹೋಯಿತು.
"ಎಲೆಕ್ಷನ್ ಬರುತ್ತೆ, ಮನ್ನಾ ಮಾಡ್ತಾರೆ ಬಿಡಮ್ಮ"
ಅಂದರು ಬೈಲಪ್ಪ, ಹಲ್ಲುಕಡ್ಡಿ ಆಡಿಸುತ್ತ.

ಗುರುವಾರ ಹನ್ನೊಂದಕ್ಕೆ ಜೀಪು.
ಕಂದಾಯದವನು ಇನ್ನೂ ಮೂವತ್ತರ ಹುಡುಗ.
ನೋಟಿಸು ಅಂಟಿಸಲು ಕೈ ಎತ್ತಿದಾಗ
ಕಂಕುಳ ಹೊಲಿಗೆ ಬಿಟ್ಟಿರುವುದು ಕಂಡಿತು.
"ಬಾಡಿಗೆ ಐದನೇ ತಾರೀಕು ತಪ್ಪಿಸಿದವಳಲ್ಲ ಸಾರ್" ಅಂದೆ.
"ಇರಬಹುದಮ್ಮ. ನಮ್ಮ ಲೆಕ್ಕದಲ್ಲಿ ಇಲ್ಲಿ ಅಂಗಡಿಯೇ ಇಲ್ಲ."
ಇಲ್ಲದ ಅಂಗಡಿಗೆ ಬೀಗ ತಂದಿದ್ದ.
ಬಾಕಿ ಮೂರನೇ ಮಹಡಿಯದು, ಶಟರು ನನ್ನದು.
ಹತ್ತು ನಿಮಿಷ ಕೊಟ್ಟ.

ತೇಜಾವತಿಯ ಧಾರೆ ಬ್ಲೌಸು, ಹೆಮ್ಮಿಂಗ್ ಬಾಕಿಯ ಏಳು,
ಫಾಲ್ಸು ಹಾಕದ ಸೀರೆ ಮೂರು, ಕತ್ತರಿ, ಗೋಡೆಯ ವಿಠಲ.
ಮೆಷಿನ್ನನ್ನು ಇಬ್ಬರೂ ಸೇರಿ ಎತ್ತಿದೆವು, ಅವನೂ ನಾನೂ.
ಆಮೇಲೆ ಮೇಣದಬತ್ತಿ, ಕೆಂಪು ಅರಗು,
ಬೀಗಕ್ಕೆ ಸುತ್ತಿದ ಬಿಳಿ ಬಟ್ಟೆ, ಅಂಚು ಮಡಿಸದೆ ಹರಿದದ್ದು.
ಮೊಹರು ಒತ್ತಿದ ಮೇಲೆ ನೆನಪಾಯಿತು
ಅಳತೆ ಬುಕ್ಕು.

ಇಡೀ ಮೂರನೇ ಅಡ್ಡರಸ್ತೆಯ ಎದೆ, ಸೊಂಟ, ತೋಳು, ಬೆನ್ನು
ಪಾಲಿಕೆಯ ವಶ.

ಮೆಟ್ಟಿಲ ಕೆಳಗೆ ಪರದೆ ಕಟ್ಟಿ ಮತ್ತೆ ಅಳೆದೆ.
ಕೆಲವರು ಬರಲಿಲ್ಲ. ಸರಸಮ್ಮ ಬಂದು
ಟೇಪು ಹಿಡಿದ ನನ್ನ ಕೈಯನ್ನು ಎಡಗಡೆ ತಡೆದಳು.
"ಆಪರೇಷನ್ ಆಯ್ತು. ಮನೆ ಬಿಟ್ಟು ಯಾರಿಗೂ ಹೇಳಿಲ್ಲ."
ಬುಕ್ಕು ಇದ್ದಿದ್ದರೆ
ಹಳೇ ಅಳತೆಗೇ ಹೊಲಿದು ಕೊಟ್ಟುಬಿಡುತ್ತಿದ್ದೆ.

ಐದನೇ ತಾರೀಕು ಅಭ್ಯಾಸಬಲದಿಂದ ಬೈಲಪ್ಪ ಇಳಿದು ಬಂದರು.
ಬೀಗ ನೋಡಿದರು. ನನ್ನನ್ನು ನೋಡಿದರು.
"ಬಡ್ಡಿ, ದಂಡ ಸೇರಿ ಅಸಲಿನಷ್ಟೇ ಆಗೋಗಿದೆ ಕಣಮ್ಮ.
ಆರು ತಿಂಗಳದ್ದು ಮುಂಗಡ ಕೊಡು, ಕಟ್ಟಿ ಬಿಡಿಸ್ತೀನಿ."
ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿತ್ತು.
ಹದಿನಾಲ್ಕೂವರೆ ಇರಬೇಕು. ಮೊದಲು ಹದಿನಾರು.
ಚೀಟಿ ಎತ್ತಿ ಮೂರು ತಿಂಗಳದ್ದು ಕೊಟ್ಟೆ.
ಆರಕ್ಕೂ ಆಗುತ್ತಿತ್ತು;
ಉಳಿದದ್ದು ನಾನು ಒಳಗೆ ಬಿಟ್ಟುಕೊಂಡ ಬಟ್ಟೆ, ಬಿಚ್ಚಲಿಲ್ಲ.
ರಸೀದಿ ಬರೆಸಿಕೊಂಡೆ.

ಹತ್ತೊಂಬತ್ತನೇ ದಿನ ಅದೇ ಹುಡುಗ ಬಂದು ಅರಗು ಒಡೆದ.
ಅದೇ ಅಂಗಿ, ಕಂಕುಳು ಹಾಗೇ.
"ಬಿಚ್ಚಿ ಕೊಡಿ ಸಾರ್, ಎರಡು ನಿಮಿಷ."
"ಡ್ಯೂಟಿಯಲ್ಲಿದೀನಮ್ಮ" ಅಂದ, ಕೈಯನ್ನು ಮೈಗೆ ಒತ್ತಿಕೊಂಡು.

ಎರಡು ಸಲ ಗುಡಿಸಿದೆ.
ಆದರೂ ಒಂದು ಚೂರು ಎಲ್ಲೋ ಉಳಿದು
ಇಸ್ತ್ರಿಯ ಶಾಖಕ್ಕೆ ಕರಗಿ
ಸರಸಮ್ಮನ ಲೈನಿಂಗಿಗೆ ಕೆಂಪಗೆ ಹತ್ತಿತು.
ಒಳಭಾಗ. ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ.
ಬೇರೆ ತುಂಡು ಕತ್ತರಿಸಿದೆ.